ಕಬ್ಬಿನ ಹೊಲದ ಕಾಡುಬೆಕ್ಕು: ಮನುಷ್ಯನಿಗೆ ಅಪಾಯವೆಷ್ಟು?

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಕಬ್ಬಿನ ಸೀಮೆಯೆಂದು ಹೆಸರಾಗಿವೆ. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ದಂಡೆಯಲ್ಲಿ ಹತ್ತಾರು ಕಿಲೋಮೀಟರುಗಳವರೆಗೆ ಕಬ್ಬಿನ ಹೊಲಗಳು ಒಂದಕ್ಕೊಂದು ಹೊಂದಿಕೊಂಡೇ ಇವೆ. ನಾಟಿಯಾದ ಕಬ್ಬು 12ರಿಂದ 18 ತಿಂಗಳು ಹೊಲದಲ್ಲಿ ನಿಲ್ಲುತ್ತದೆ. ಕೂಳೆ ಬೆಳೆಯೂ ಸೇರಿದರೆ ಒಂದೇ ಹೊಲ ಮೂರು ನಾಲ್ಕು ವರ್ಷ ಹಸಿರಾಗಿ, ದಟ್ಟವಾಗಿ ಇರುತ್ತದೆ. ಇಂಥ ಹೊಲವು ನಮಗೆ ಬೆಳೆಯಾದರೆ ಕೆಲವು ವನ್ಯಪ್ರಾಣಿಗಳಿಗೆ ಕಾಡೇ ಸರಿ.

ಪ್ರತಿ ವರ್ಷ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದ ಮೇಲೆ ಈ ಭಾಗದ ಹಳ್ಳಿಗಳಲ್ಲಿ ಒಂದು ಸುದ್ದಿ ಮೇಲಿಂದ ಮೇಲೆ ಹಬ್ಬುತ್ತದೆ. ಕಟಾವು ಮಾಡುವಾಗ ರವದಿಯ ನಡುವೆ ಎರಡು ಮೂರು ಮರಿಗಳು ಸಿಗುತ್ತವೆ. ಅವು ಚಿರತೆಯ ಮರಿಗಳೆಂದು ಯಾರೋ ಕೂಗುತ್ತಾರೆ. ಕಟಾವು ನಿಲ್ಲುತ್ತದೆ, ಜನ ಸೇರುತ್ತಾರೆ, ಮರಿಗಳು ಕೈಯಿಂದ ಕೈಗೆ ಹೋಗುತ್ತವೆ. ಕೊನೆಗೆ ಅವು ಕಾಡುಬೆಕ್ಕಿನ ಮರಿಗಳೆಂದು ತಿಳಿಯುವ ಹೊತ್ತಿಗೆ ಅರ್ಧ ದಿನದ ಕೆಲಸ ಹಾಳಾಗಿ, ಮರಿಗಳು ಸಾಯುವ ಸ್ಥಿತಿಗೆ ಬಂದು, ನಾಲ್ಕಾರು ಜನರ ಕೈಗೆ ಪರಚಿದ ಗಾಯಗಳಾಗಿರುತ್ತವೆ. ಆ ಗಾಯಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೆದರಬಾರದ ಕಡೆ ಹೆದರಿ, ಹೆದರಬೇಕಾದ ಕಡೆ ಅಲಕ್ಷ್ಯ ಮಾಡುವ ಈ ರೂಢಿಯನ್ನು ತಿದ್ದುವುದೇ ಈ ಲೇಖನದ ಉದ್ದೇಶ.

ನಮ್ಮ ಭಾಗದ ಚಿಕ್ಕ ಕಾಡುಬೆಕ್ಕುಗಳು

1. ಕಾಡುಬೆಕ್ಕು: ಬಯಲುಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಮರಾಠಿ ಆಡುವ ಗಡಿ ಹಳ್ಳಿಗಳಲ್ಲಿ ಇದನ್ನು ರಾನಮಾಂಜರ ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಫೆಲಿಸ್ ಚೌಸ್. ಮನೆಯ ಬೆಕ್ಕಿಗಿಂತ ದೊಡ್ಡದು, ಕಾಲು ಉದ್ದ, ಬಾಲ ಗಿಡ್ಡ. ತೂಕ ಸಾಮಾನ್ಯವಾಗಿ 4ರಿಂದ 6 ಕಿಲೋ. ಮೈಬಣ್ಣ ಒಣಹುಲ್ಲಿನಂತೆ ಬೂದುಗಂದು. ಬೆಳೆದ ಪ್ರಾಣಿಯ ಮೈಮೇಲೆ ಚುಕ್ಕೆಗಳಿರುವುದಿಲ್ಲ. ಕಾಲಿನ ಮೇಲೆ ಮಸುಕಾದ ಪಟ್ಟೆ, ಬಾಲದ ತುದಿಯಲ್ಲಿ ಕಪ್ಪು ಬಳೆ, ಕಿವಿಯ ತುದಿಗೆ ಸಣ್ಣ ಕಪ್ಪು ಕೂದಲು ಇದರ ಗುರುತುಗಳು. ಈಜಿಪ್ಟಿನಿಂದ ಆಗ್ನೇಯ ಏಷ್ಯದವರೆಗೆ ಹರಡಿರುವ ಈ ಪ್ರಾಣಿ ದಟ್ಟ ಅಡವಿಗಿಂತ ಹುಲ್ಲುಗಾವಲು, ನದಿಯ ಜೊಂಡು ಮತ್ತು ಬೆಳೆಯ ಹೊಲಗಳನ್ನೇ ಇಷ್ಟಪಡುತ್ತದೆ.

2. ತುಕ್ಕುಚುಕ್ಕೆ ಬೆಕ್ಕು: ಜಗತ್ತಿನ ಅತ್ಯಂತ ಚಿಕ್ಕ ಕಾಡುಬೆಕ್ಕುಗಳಲ್ಲಿ ಇದೊಂದು. ಭಾರತ, ಶ್ರೀಲಂಕಾ ಮತ್ತು ನೇಪಾಳದಲ್ಲಿ ಮಾತ್ರ ಇದೆ. ತೂಕ ಒಂದರಿಂದ ಒಂದೂವರೆ ಕಿಲೋ, ಅಂದರೆ ಮನೆಯ ಬೆಕ್ಕಿನ ಅರ್ಧದಷ್ಟೂ ಇಲ್ಲ. ಬೆನ್ನು ಮತ್ತು ಪಕ್ಕೆಗಳ ಮೇಲೆ ಕಬ್ಬಿಣದ ತುಕ್ಕಿನ ಬಣ್ಣದ ಚುಕ್ಕೆಗಳು ಸಾಲಾಗಿರುತ್ತವೆ. ರಾತ್ರಿ ಮಾತ್ರ ಸಂಚರಿಸುವುದರಿಂದ ಕಣ್ಣಿಗೆ ಬೀಳುವುದು ಅಪರೂಪ. ಮಹಾರಾಷ್ಟ್ರದ ಕಬ್ಬಿನ ಹೊಲಗಳಲ್ಲಿ ಇದರ ಮರಿಗಳು ಹಲವು ಸಲ ಸಿಕ್ಕಿವೆ. ಚುಕ್ಕೆಯ ಕಾರಣ ಚಿರತೆಮರಿಯೆಂದು ತಪ್ಪು ತಿಳಿಯುವುದು ಇದನ್ನೇ ಹೆಚ್ಚು.

3. ಚಿರತೆ ಬೆಕ್ಕು: ಹೆಸರಿನಲ್ಲಿ ಚಿರತೆ ಇದ್ದರೂ ಗಾತ್ರದಲ್ಲಿ ಇದು ಮನೆಯ ಬೆಕ್ಕಿನಷ್ಟೇ. ಪಶ್ಚಿಮ ಘಟ್ಟದ ಮಳೆಕಾಡುಗಳ ಪ್ರಾಣಿಯಾದ್ದರಿಂದ ನಮ್ಮ ಬಯಲು ತಾಲೂಕುಗಳಿಗೆ ಇದರ ವಿಚಾರ ಅಷ್ಟಾಗಿ ಅನ್ವಯಿಸುವುದಿಲ್ಲ.

ಇವುಗಳ ಜೊತೆಗೆ ಪುನುಗು ಬೆಕ್ಕನ್ನೂ ಜನ ಕಾಡುಬೆಕ್ಕಿನ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ನಿಜವಾದ ಬೆಕ್ಕಿನ ಜಾತಿಯಲ್ಲ. ಚೂಪು ಮೂತಿ, ಗಿಡ್ಡ ಕಾಲು, ಉದ್ದ ಬಾಲದಿಂದ ಅದನ್ನು ಗುರುತಿಸಬಹುದು.

ಹೊಲಕ್ಕೆ ಏಕೆ ಬರುತ್ತವೆ?

ಕಾಡುಬೆಕ್ಕು ಹೊಲಕ್ಕೆ ಬರುವುದು ಇಲಿಗಾಗಿ. ಕಬ್ಬು, ಜೋಳ, ಗೋವಿನಜೋಳ ಮತ್ತು ಗೋಧಿ ಬೆಳೆಯುವ ಕಡೆ ಹೆಗ್ಗಣ ಮತ್ತು ಹೊಲದ ಇಲಿಗಳು ಬದುಗಳಲ್ಲಿ ಬಿಲ ತೋಡಿ ಬದುಕುತ್ತವೆ. ಅವು ಕಬ್ಬಿನ ಬುಡದ ಗಣ್ಣುಗಳನ್ನು ಕಡಿಯುತ್ತವೆ. ಕಡಿದ ಕಬ್ಬು ಒಣಗುತ್ತದೆ ಇಲ್ಲವೆ ಗಾಳಿಗೆ ಬೀಳುತ್ತದೆ. ಗಾಯದ ಮೂಲಕ ಕೊಳೆರೋಗ ಸೇರಿ ರಸದ ಗುಣವೂ ಕೆಡುತ್ತದೆ. ಹೆಗ್ಗಣವು ತಿಂದದ್ದಲ್ಲದೆ ಕಾಳಿನ ತೆನೆಗಳನ್ನು ಬಿಲದೊಳಗೆ ಕೂಡಿಡುತ್ತದೆ. ಇವುಗಳ ಗರ್ಭಾವಧಿ ಸುಮಾರು ಮೂರೇ ವಾರ. ವರ್ಷದಲ್ಲಿ ಹಲವು ಸಲ ಮರಿ ಹಾಕುವುದರಿಂದ ಸಂಖ್ಯೆ ಬೇಗ ಏರುತ್ತದೆ.

ರಾಜಸ್ಥಾನದ ಸಾರಿಸ್ಕಾ ಅರಣ್ಯದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಡುಬೆಕ್ಕಿನ ಹಿಕ್ಕೆಗಳನ್ನು ಪರೀಕ್ಷಿಸಿ ಅದರ ಆಹಾರವನ್ನು ಲೆಕ್ಕ ಹಾಕಲಾಯಿತು. ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿಗಳನ್ನು ತಿನ್ನುತ್ತದೆ ಎಂದು ಕಂಡುಬಂತು. ವರ್ಷಕ್ಕೆ ಇದು 1,095ರಿಂದ 1,825 ಇಲಿಗಳಾಗುತ್ತವೆ. ಅಲ್ಲಿಯ ಇಲಿಗಳು ಮತ್ತು ಪರಿಸರ ಬೇರೆಯಾದ್ದರಿಂದ ಈ ಅಂಕಿಯನ್ನು ಹಾಗೆಯೇ ನಮ್ಮ ಹೊಲಕ್ಕೆ ಅನ್ವಯಿಸಬಾರದು. ಬೆಕ್ಕೊಂದೇ ಇಲಿಯ ಕಾಟವನ್ನು ನಿವಾರಿಸುತ್ತದೆ ಎಂದೂ ಭಾವಿಸಬಾರದು. ಆದರೆ ಕೂಲಿ ಕೇಳದೆ ರಾತ್ರಿಯೆಲ್ಲ ಹೊಲ ಕಾಯುವ ಆಳು ಇದೆಂಬುದರಲ್ಲಿ ಸಂದೇಹವಿಲ್ಲ.

ಮನುಷ್ಯನ ಮೇಲೆ ಬೀಳುತ್ತವೆಯೇ?

ನೇರವಾದ ಉತ್ತರ: ಇಲ್ಲ. ಚಿಕ್ಕ ಕಾಡುಬೆಕ್ಕುಗಳು ಮನುಷ್ಯನನ್ನು ಬೇಟೆಯೆಂದು ಕಾಣುವುದಿಲ್ಲ. ಯಾವುದೇ ಬೇಟೆಪ್ರಾಣಿ ತನ್ನ ಶಕ್ತಿಗೆ ತಕ್ಕ ಬೇಟೆಯನ್ನು ಆರಿಸಿಕೊಳ್ಳುತ್ತದೆ. ಐದು ಕಿಲೋ ತೂಕದ ಕಾಡುಬೆಕ್ಕಿಗೆ ಇಲಿ, ಹಕ್ಕಿ, ಓತಿಕ್ಯಾತ, ಹಾವು, ಕಪ್ಪೆ, ಅಪರೂಪಕ್ಕೆ ಮೊಲ ಆಹಾರ. ಒಂದೂವರೆ ಕಿಲೋ ತೂಕದ ತುಕ್ಕುಚುಕ್ಕೆ ಬೆಕ್ಕಿಗೆ ಅದಕ್ಕಿಂತಲೂ ಸಣ್ಣ ಬೇಟೆಯೇ ಬೇಕು. ಮನುಷ್ಯನ ಸಪ್ಪಳ ಕೇಳಿದೊಡನೆ ಇವು ಸಾಲಿನೊಳಗೆ ನುಸುಳಿ ಮರೆಯಾಗುತ್ತವೆ.

ಆದರೂ ಕೆಳಗಿನ ನಾಲ್ಕು ಸಂದರ್ಭಗಳಲ್ಲಿ ಇವು ಕಚ್ಚಬಹುದು ಅಥವಾ ಪರಚಬಹುದು.

1. ಓಡಲು ದಾರಿಯಿಲ್ಲದಂತೆ ಮೂಲೆಗೆ ಸಿಕ್ಕಿಬಿದ್ದಾಗ. ಕೋಳಿಗೂಡು, ದಾಸ್ತಾನು ಕೋಣೆ, ಒಣಬಾವಿಗಳಲ್ಲಿ ಹೀಗಾಗುವುದುಂಟು.
2. ಮರಿಗಳ ಬಳಿಗೆ ಯಾರಾದರೂ ಹೋದಾಗ.
3. ಗಾಯಗೊಂಡ ಬೆಕ್ಕನ್ನು ಅಥವಾ ಮರಿಯನ್ನು ಬರಿಗೈಯಿಂದ ಹಿಡಿದಾಗ.
4. ಹುಚ್ಚು ರೋಗ ತಗುಲಿದಾಗ.

ಮೊದಲ ಮೂರೂ ನಮ್ಮ ಕೈಯಲ್ಲಿರುವ ಸಂಗತಿಗಳು. ನಾವು ದೂರ ನಿಂತರೆ ಅವು ಘಟಿಸುವುದೇ ಇಲ್ಲ. ನಾಲ್ಕನೆಯದನ್ನು ಮಾತ್ರ ವಿವರವಾಗಿ ತಿಳಿಯಬೇಕು.

ನಿಜವಾದ ಅಪಾಯ: ಅಲಕ್ಷಿಸಿದ ಗಾಯ

ಹುಚ್ಚು ರೋಗ, ಅಂದರೆ ರೇಬೀಸ್, ಸಸ್ತನಿ ಪ್ರಾಣಿಗಳಿಗೆಲ್ಲ ತಗುಲಬಹುದಾದ ರೋಗ. ಮನುಷ್ಯರಿಗೆ ಇದು ಬಹುಪಾಲು ನಾಯಿಯ ಕಡಿತದಿಂದಲೇ ಬರುತ್ತದೆ. ಆದರೆ ಬೆಕ್ಕು, ನರಿ, ಮುಂಗುಸಿ ಮತ್ತು ಕಾಡುಬೆಕ್ಕುಗಳೂ ರೋಗ ತಗುಲಿದ ನಾಯಿಯ ಅಥವಾ ನರಿಯ ಜೊತೆ ಕಾದಾಡಿ ರೋಗವನ್ನು ಪಡೆದು ಮುಂದಕ್ಕೆ ಹರಡಬಲ್ಲವು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯವೆನ್ನಬಹುದು. ಆದರೆ ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ಪಡೆದರೆ ಈ ರೋಗ ಬಾರದಂತೆ ತಡೆಯಬಹುದು. ಆದ್ದರಿಂದ ಗಾಯ ಎಷ್ಟು ಚಿಕ್ಕದೆಂದು ನೋಡದೆ, ಯಾವ ಪ್ರಾಣಿಯಿಂದ ಆಯಿತೆಂಬುದನ್ನು ನೋಡಬೇಕು.

ಕಾಡುಬೆಕ್ಕು ಹಗಲಿನಲ್ಲಿ ಊರೊಳಗೆ ಬಂದು ಅಂಜದೆ ತಿರುಗುವುದು, ಕಾರಣವಿಲ್ಲದೆ ಮೈಮೇಲೆ ಏರಿಬರುವುದು, ತೂರಾಡುವುದು, ಬಾಯಿಂದ ಜೊಲ್ಲು ಸುರಿಸುವುದು ಇವು ಸಂಶಯಪಡಬೇಕಾದ ಲಕ್ಷಣಗಳು. ಅಂಥ ಪ್ರಾಣಿಯ ಹತ್ತಿರ ಹೋಗಬಾರದು, ನಾಯಿಗಳನ್ನು ಛೂ ಬಿಡಲೂಬಾರದು. ಆದರೆ ಲಕ್ಷಣ ಕಾಣದ ಪ್ರಾಣಿಯ ಜೊಲ್ಲಿನಲ್ಲಿಯೂ ರೋಗಾಣು ಇರಬಹುದು. ಹೀಗಾಗಿ ಲಕ್ಷಣ ಇಲ್ಲವೆಂದು ಚಿಕಿತ್ಸೆ ಬಿಡಬಾರದು.

ಕಚ್ಚಿದಾಗ ಅಥವಾ ಪರಚಿದಾಗ ಮಾಡಬೇಕಾದದ್ದು:

1. ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ಪೂರ್ತಿಯಾಗಿ ತೊಳೆಯಬೇಕು. ಹೊಲದಲ್ಲಿ ಪಂಪ್‌ಸೆಟ್ಟಿನ ನೀರು ಇದ್ದೇ ಇರುತ್ತದೆ. ಬಟ್ಟೆ ಒಗೆಯುವ ಸಾಬೂನಾದರೂ ಆದೀತು. ರೋಗಾಣುವನ್ನು ಗಾಯದಲ್ಲಿಯೇ ತೊಳೆದು ಹಾಕುವ ಈ ಕೆಲಸ ಎಲ್ಲಕ್ಕಿಂತ ಮುಖ್ಯ.
2. ತೊಳೆದ ಮೇಲೆ ಅಯೋಡಿನ್ ಇದ್ದರೆ ಹಚ್ಚಬೇಕು. ಅರಿಶಿನ, ಸುಣ್ಣ, ಖಾರದ ಪುಡಿ, ಎಣ್ಣೆ, ತಂಬಾಕು ಯಾವುದನ್ನೂ ಹಚ್ಚಬಾರದು. ಬಿಗಿಯಾಗಿ ಪಟ್ಟಿ ಕಟ್ಟಬಾರದು.
3. ಅದೇ ದಿನ ತಾಲೂಕು ಆಸ್ಪತ್ರೆಗೆ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಚ್ಚಿದ್ದು ವನ್ಯಪ್ರಾಣಿ ಎಂದು ಸ್ಪಷ್ಟವಾಗಿ ಹೇಳಬೇಕು. ವನ್ಯಪ್ರಾಣಿಯ ಗಾಯಕ್ಕೆ ಲಸಿಕೆಯ ಜೊತೆಗೆ ಗಾಯದ ಸುತ್ತ ಹಾಕುವ ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧಿಯೂ ಬೇಕಾಗುತ್ತದೆ. ಧನುರ್ವಾಯುವಿನ ಚುಚ್ಚುಮದ್ದನ್ನೂ ವೈದ್ಯರು ನಿರ್ಧರಿಸುತ್ತಾರೆ.
4. ಲಸಿಕೆಯ ಎಲ್ಲ ಸರದಿಗಳನ್ನೂ ಪೂರ್ಣಗೊಳಿಸಬೇಕು. ಚರ್ಮದಲ್ಲಿ ಹಾಕುವ ಪದ್ಧತಿಯಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ; ಸ್ನಾಯುವಿನಲ್ಲಿ ಹಾಕುವ ಪದ್ಧತಿಯಲ್ಲಿ ಮೊದಲ ದಿನ, ನಂತರ 3, 7, 14 ಮತ್ತು 28ನೆಯ ದಿನ.

ಮನೆಯ ನಾಯಿ ಅಥವಾ ಬೆಕ್ಕು ಕಚ್ಚಿದರೆ ಚಿಕಿತ್ಸೆ ಆರಂಭಿಸಿ ಆ ಪ್ರಾಣಿಯನ್ನು 10 ದಿನ ಕಟ್ಟಿ ನೋಡುವ ಪದ್ಧತಿಯಿದೆ. ಕಾಡುಪ್ರಾಣಿಗೆ ಈ ಪದ್ಧತಿ ಅನ್ವಯಿಸುವುದಿಲ್ಲ. ಕಾಯುತ್ತ ಕೂಡುವುದಕ್ಕೆ ಅಲ್ಲಿ ಅವಕಾಶವೇ ಇಲ್ಲ.

ಹೊಟ್ಟೆಗೆ 14 ಸೂಜಿ ಚುಚ್ಚುತ್ತಾರೆಂಬ ಹಳೆಯ ಅಂಜಿಕೆ ಇನ್ನೂ ಕೆಲವರಲ್ಲಿದೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯ ಉತ್ಪಾದನೆಯನ್ನು ಭಾರತದಲ್ಲಿ 2004ರ ಕೊನೆಗೆ ನಿಲ್ಲಿಸಲಾಗಿದೆ. ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ. ಕಟಾವಿಗೆ ಬಂದ ಗ್ಯಾಂಗಿನ ಆಳುಗಳು ಊರಿಂದೂರಿಗೆ ತಿರುಗುವವರಾದ್ದರಿಂದ ಮೊದಲ ಸೂಜಿ ಒಂದು ಊರಲ್ಲಿ ಆಗಿ, ಉಳಿದವು ತಪ್ಪಿಹೋಗುವ ಸಂಭವ ಹೆಚ್ಚು. ಆಸ್ಪತ್ರೆಯ ಚೀಟಿಯನ್ನು ಜೋಪಾನ ಮಾಡಿ ಮುಂದಿನ ಊರಿನ ಆರೋಗ್ಯ ಕೇಂದ್ರದಲ್ಲಿ ತೋರಿಸುವಂತೆ ಹೊಲದ ಮಾಲೀಕರು ಮತ್ತು ಗ್ಯಾಂಗಿನ ಮುಕಾದಮರು ಅವರಿಗೆ ತಿಳಿಸಿ ಹೇಳಬೇಕು.

ರೇಬೀಸ್ ಇಲ್ಲದಿದ್ದರೂ ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಗಾಯ ಒಳಗೇ ಕೀವುಗಟ್ಟುತ್ತದೆ. ಮರುದಿನ ಬಾವು, ನೋವು, ಜ್ವರ ಬಂದರೆ ತಡಮಾಡಬಾರದು. ಬೆಕ್ಕಿನ ಹೇಲಿನಿಂದ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯೂ ಹರಡುತ್ತದೆ. ಗರ್ಭಿಣಿಯರು ಬೆಕ್ಕಿನ ಹೇಲನ್ನು ಬಳಿಯಬಾರದು. ಹೊಲದಿಂದ ತಂದ ಕಾಯಿಪಲ್ಲೆಯನ್ನು ಚೆನ್ನಾಗಿ ತೊಳೆಯಬೇಕು. ಈ ವಿಷಯದಲ್ಲಿ ಕಾಡುಬೆಕ್ಕಿಗಿಂತ ಮನೆಯ ಬೆಕ್ಕಿನಿಂದಲೇ ಭಯ ಹೆಚ್ಚು.

ಚಿರತೆಯೋ, ಬೆಕ್ಕೋ?

ಕಬ್ಬಿನಲ್ಲಿ ಚಿರತೆ ಇರುವುದೇ ಇಲ್ಲವೆಂದು ಹೇಳುವಂತಿಲ್ಲ. ಮಹಾರಾಷ್ಟ್ರದ ಜುನ್ನರ ಮತ್ತು ಅಕೋಲೆ ತಾಲೂಕುಗಳ ಕಬ್ಬಿನಲ್ಲಿ ಚಿರತೆಗಳು ನೆಲೆಸಿ ಮರಿ ಹಾಕುತ್ತಿವೆ. ಅಕೋಲೆ ಭಾಗದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು 100 ಚದರ ಕಿಲೋಮೀಟರಿಗೆ ಸುಮಾರು 5 ದೊಡ್ಡ ಚಿರತೆಗಳಿವೆಯೆಂದು ತೋರಿಸಿತು. ನಮ್ಮ ಜಿಲ್ಲೆಯಲ್ಲಿಯೂ 2022ರ ಆಗಸ್ಟ್ ತಿಂಗಳಲ್ಲಿ ಬೆಳಗಾವಿ ನಗರದೊಳಗೇ ಬಂದ ಚಿರತೆಯೊಂದು ಕಾರ್ಮಿಕನೊಬ್ಬನನ್ನು ಗಾಯಗೊಳಿಸಿತು. ಗಾಲ್ಫ್ ಮೈದಾನದ ಸುತ್ತ ವಾರಗಟ್ಟಲೆ ಶೋಧ ನಡೆದು, ಸುತ್ತಲಿನ ಶಾಲೆಗಳನ್ನು ಮುಚ್ಚಬೇಕಾಯಿತು. ಆದ್ದರಿಂದ ಇವೆರಡನ್ನೂ ಬೇರ್ಪಡಿಸಿ ಗುರುತಿಸುವ ತಿಳಿವಳಿಕೆ ಅಗತ್ಯ.

ಗಾತ್ರ: ಕಾಡುಬೆಕ್ಕು ಮನುಷ್ಯನ ಮೊಣಕಾಲಿನ ಎತ್ತರವನ್ನು ಮೀರುವುದಿಲ್ಲ. ಹೆಣ್ಣು ಚಿರತೆಯ ತೂಕವೇ 30 ಕಿಲೋ ದಾಟುತ್ತದೆ. ಗಂಡು 50ರಿಂದ 70 ಕಿಲೋ ತೂಗುತ್ತದೆ.

ಮೈ ಗುರುತು: ಚಿರತೆಗೆ ಹಳದಿ ಮೈಮೇಲೆ ಹೂವಿನ ಎಸಳು ಜೋಡಿಸಿದಂಥ ಕಪ್ಪು ಗುರುತುಗಳು. ಕಾಡುಬೆಕ್ಕಿಗೆ ಮೈಮೇಲೆ ಗುರುತಿಲ್ಲ. ತುಕ್ಕುಚುಕ್ಕೆ ಬೆಕ್ಕಿಗೆ ಸಣ್ಣ ಬಿಡಿ ಚುಕ್ಕೆಗಳು.

ಬಾಲ: ಚಿರತೆಯ ಬಾಲ ನೆಲ ಮುಟ್ಟುವಷ್ಟು ಉದ್ದ. ಕಾಡುಬೆಕ್ಕಿನ ಬಾಲ ಹಿಂಗಾಲಿನ ಮೊಣಕಾಲಿನ ತನಕ ಮಾತ್ರ.

ಹೆಜ್ಜೆ: ಬೆಕ್ಕಿನ ಜಾತಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುವುದಿಲ್ಲ, ನಾಯಿಯದರಲ್ಲಿ ಮೂಡುತ್ತದೆ. ನೀರು ಹಾಯಿಸಿದ ಮಣ್ಣಿನಲ್ಲಿ ಮೂಡಿದ ಹೆಜ್ಜೆಯ ಪಕ್ಕ ಬೆಂಕಿಪೆಟ್ಟಿಗೆಯನ್ನಿಟ್ಟು ನೋಡಬೇಕು. ಕಾಡುಬೆಕ್ಕಿನ ಹೆಜ್ಜೆ ಹೆಚ್ಚುಕಡಿಮೆ ಅದರ ಉದ್ದದೊಳಗೇ ಇರುತ್ತದೆ. ಬೆಳೆದ ಚಿರತೆಯ ಹೆಜ್ಜೆ 7 ಸೆಂಟಿಮೀಟರಿಗಿಂತ ದೊಡ್ಡದಾಗಿ ಪೆಟ್ಟಿಗೆಯನ್ನು ಮೀರುತ್ತದೆ.

ಮರಿಗಳು: ಇಲ್ಲಿಯೇ ತಪ್ಪಾಗುವುದು. ಕಾಡುಬೆಕ್ಕಿನ ಎಳೆಯ ಮರಿಗಳ ಮೈಮೇಲೆ ಪಟ್ಟೆ ಮತ್ತು ಚುಕ್ಕೆಗಳಿದ್ದು, ಬೆಳೆದಂತೆ ಮಾಯವಾಗುತ್ತವೆ. ಕಣ್ಣು ಬಿಡದ ಬೆಕ್ಕಿನ ಮರಿ ಅಂಗೈಯಷ್ಟು ಮಾತ್ರ. ಚಿರತೆಯ ಮರಿ ಹುಟ್ಟುವಾಗಲೇ ಸುಮಾರು ಅರ್ಧ ಕಿಲೋ ತೂಕದ್ದಾಗಿದ್ದು, ಪಾದ ದಪ್ಪವಾಗಿ, ತಲೆ ದುಂಡಗೆ ಇರುತ್ತದೆ.

ದೂರದಿಂದ ನೋಡಿ ಖಚಿತವಾಗದಿದ್ದರೆ ಒಂದೇ ನಿಯಮ: ಚಿರತೆಯ ಮರಿಯೆಂದೇ ತಿಳಿದು ಎಲ್ಲರೂ ಹಿಂದೆ ಸರಿಯಬೇಕು. ತಾಯಿ ಚಿರತೆ ಅದೇ ಹೊಲದಲ್ಲಿ ಇರಬಹುದು. ತೂಕ ನೋಡಲೆಂದು, ಚಿತ್ರ ತೆಗೆಯಲೆಂದು ಮರಿಯನ್ನು ಎತ್ತಬಾರದು.

ಕಟಾವಿನ ಕಾಲದಲ್ಲಿ ಪಾಲಿಸಬೇಕಾದ ಕ್ರಮಗಳು

1. ಕಟಾವನ್ನು ರಸ್ತೆ ಅಥವಾ ಮನೆಯ ಕಡೆಯಿಂದ ಆರಂಭಿಸಿ ಹಳ್ಳ, ಬದು ಅಥವಾ ನಿಂತ ಕಬ್ಬಿನ ಕಡೆಗೆ ಸಾಗಬೇಕು. ನಾಲ್ಕೂ ದಿಕ್ಕಿನಿಂದ ಕಡಿಯುತ್ತ ನಡುವೆ ದ್ವೀಪದಂತೆ ಕಬ್ಬನ್ನು ಉಳಿಸಬಾರದು. ಒಳಗಿನ ಪ್ರಾಣಿಗೆ, ಅದು ಬೆಕ್ಕಾಗಲಿ ಹಂದಿಯಾಗಲಿ, ಹೊರಬೀಳಲು ದಾರಿ ಇದ್ದರೆ ಆಳುಗಳ ಮೇಲೆ ಬೀಳುವ ಪ್ರಸಂಗವೇ ಬರುವುದಿಲ್ಲ.

2. ಮರಿ ಕಂಡರೆ ಅಲ್ಲಿ ಕೆಲಸ ನಿಲ್ಲಿಸಿ, ಸುತ್ತ ಒಂದೆರಡು ಗುಂಟೆ ಕಬ್ಬನ್ನು ಮರುದಿನದವರೆಗೆ ಹಾಗೆಯೇ ಬಿಡಬೇಕು. ನಾಯಿಗಳನ್ನು ಕಟ್ಟಬೇಕು. ತಾಯಿ ಕತ್ತಲಾದ ಮೇಲೆ ಬಂದು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ.

3. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬೇಕು. ಜುನ್ನರ ಭಾಗದಲ್ಲಿ ಅರಣ್ಯ ಇಲಾಖೆಯವರು ಮತ್ತು ಮಾಣಿಕಡೋಹದ ಚಿರತೆ ರಕ್ಷಣಾ ಕೇಂದ್ರದ ವೈದ್ಯರು ಕಬ್ಬಿನಲ್ಲಿ ಸಿಕ್ಕ ಮರಿಗಳನ್ನು ಪರೀಕ್ಷಿಸಿ, ಸಂಜೆ ಅದೇ ಜಾಗದಲ್ಲಿ ತೆರೆದ ಪೆಟ್ಟಿಗೆಯಲ್ಲಿಟ್ಟು, ದೂರದಿಂದ ಕ್ಯಾಮರಾದ ಮೂಲಕ ಕಾಯುತ್ತಾರೆ. ಚಿರತೆ, ಕಾಡುಬೆಕ್ಕು, ತುಕ್ಕುಚುಕ್ಕೆ ಬೆಕ್ಕು ಮೂರರಲ್ಲಿಯೂ ತಾಯಿಯು ಬಂದು ಮರಿಗಳನ್ನು ಒಯ್ದ ಉದಾಹರಣೆಗಳಿವೆ.

4. ಮರಿಗಳಿಗೆ ಆಕಳ ಅಥವಾ ಎಮ್ಮೆಯ ಹಾಲು ಕುಡಿಸಬಾರದು. ಭೇದಿಯಾಗಿ ಸಾಯುತ್ತವೆ. ಸಾಕಲು ಮನೆಗೆ ಒಯ್ಯಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು ಅಪರಾಧ.

5. ರವದಿಗೆ ಬೆಂಕಿ ಹಚ್ಚಬಾರದು. ಎಕರೆಗೆ 3ರಿಂದ 4 ಟನ್ ದೊರೆಯುವ ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ಕೂಳೆ ಬೆಳೆಗೆ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಭೂಮಿಗೆ ಸಾವಯವ ಅಂಶ ಸೇರುತ್ತದೆ. ಬೆಂಕಿಯಿಂದ ಇವೆಲ್ಲ ಹಾಳಾಗುವುದಲ್ಲದೆ ಮರಿಗಳೂ ಬೇಯುತ್ತವೆ.

6. ಗ್ಯಾಂಗಿನ ಹೆಣ್ಣುಮಕ್ಕಳು ಕೂಸುಗಳನ್ನು ಕಬ್ಬಿನ ಅಂಚಿಗೆ ನೆಲದ ಮೇಲೆ ಮಲಗಿಸಿ ಕೆಲಸಕ್ಕೆ ಇಳಿಯುವುದುಂಟು. ಕಾಡುಬೆಕ್ಕಿನಿಂದ ಕೂಸಿಗೆ ಭಯವಿಲ್ಲದಿದ್ದರೂ ಬೀದಿನಾಯಿ, ಹಾವು ಮತ್ತು ಚಿರತೆ ಇರುವಲ್ಲಿ ಚಿರತೆಯಿಂದ ಭಯವಿದ್ದೇ ಇದೆ. ಕಡಿದು ಬಯಲಾದ ಜಾಗದಲ್ಲಿ ನೆರಳು ಮಾಡಿ, ಒಬ್ಬರನ್ನು ಕೂಸುಗಳ ಕಾವಲಿಗೆ ಬಿಡಬೇಕು. ಆ ಒಬ್ಬರ ಕೂಲಿಯನ್ನು ಮಾಲೀಕರು ಭರಿಸಿದರೆ ಅದು ದೊಡ್ಡ ಖರ್ಚಲ್ಲ.

ಇಲಿಪಾಷಾಣ ಹಾಕುವಾಗ ಎಚ್ಚರ

ಬೆಕ್ಕು ನಮಗೆ ಮಾಡುವ ಅಪಾಯಕ್ಕಿಂತ ನಾವು ಬೆಕ್ಕಿಗೆ ಮಾಡುವ ಅಪಾಯ ಹೆಚ್ಚಿನದು. ಬ್ರೊಮಾಡಿಯೋಲೋನ್ ತಿಂದ ಇಲಿ ಕೂಡಲೇ ಸಾಯದೆ ಹಲವು ದಿನ ಮಂಕಾಗಿ ತಿರುಗುತ್ತದೆ. ಅಂಥ ಇಲಿಗಳನ್ನು ಹಿಡಿದು ತಿಂದ ಬೆಕ್ಕು, ಗೂಗೆಗಳ ಮೈಯಲ್ಲಿಯೂ ವಿಷ ಸೇರುತ್ತದೆ. ಬೆಕ್ಕು ಮತ್ತು ಗೂಗೆ ಸತ್ತ ಹೊಲದಲ್ಲಿ ಇಲಿಗಳು ಮತ್ತಷ್ಟು ಬೇಗ ಹೆಚ್ಚುತ್ತವೆ.

ಆದ್ದರಿಂದ ಮೊದಲು ಬದುಗಳನ್ನು ಸಣ್ಣದಾಗಿಸಿ, ಕಳೆ ತೆಗೆದು, ಬಿಲಗಳನ್ನು ಅಗೆದು ನಾಶಮಾಡಬೇಕು. ವಿಷ ಹಾಕಲೇಬೇಕಾದರೆ ಸಂಜೆ ಎಲ್ಲ ಬಿಲಗಳನ್ನು ಮಣ್ಣಿನಿಂದ ಮುಚ್ಚಿ, ಮರುದಿನ ಬೆಳಿಗ್ಗೆ ತೆರೆದುಕೊಂಡ ಬಿಲಗಳಲ್ಲಿ ಮಾತ್ರ ಹಾಕಬೇಕು. ಸತುವಿನ ಫಾಸ್ಫೈಡ್ ಬಳಸುವುದಾದರೆ ಮೊದಲು ಒಂದೆರಡು ದಿನ ವಿಷವಿಲ್ಲದ ತಿನಿಸನ್ನಿಟ್ಟು ರೂಢಿ ಮಾಡಿಸಿ, ನಂತರ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ವಿಷವನ್ನು ಕೋಲಿನಿಂದ ಬೆರೆಸಿ ಬಿಲದೊಳಗೆ ಇಡಬೇಕು. ಹೊಲದ ಮೇಲೆ ಚೆಲ್ಲಬಾರದು. ಸತ್ತ ಇಲಿಗಳನ್ನು ದಿನವೂ ಆರಿಸಿ ಆಳವಾಗಿ ಹೂಳಬೇಕು. ಒಬ್ಬರೇ ಮಾಡಿದರೆ ಪಕ್ಕದ ಹೊಲದ ಇಲಿಗಳು ಬರುತ್ತವೆ. ಊರಿನ ರೈತರೆಲ್ಲ ಒಂದೇ ವಾರದಲ್ಲಿ ಸಾಮೂಹಿಕವಾಗಿ ಕೈಗೊಂಡರೆ ಫಲ ಹೆಚ್ಚು, ವಿಷದ ಬಳಕೆ ಕಡಿಮೆ.

ರೈತರು ಕೇಳುವ ಕೆಲವು ಪ್ರಶ್ನೆಗಳು

ಪ್ರಶ್ನೆ: ಸಾಹೇಬ್ರ, ಇವತ್ತ ಕೋಳಿ ಹಿಡದದ್ದು ನಾಳೆ ನಮ್ಮ ಕೂಸಿಗೆ ಬಾಯಿ ಹಾಕೂದಿಲ್ಲಂತ ಹೆಂಗ ನಂಬೂದ್ರಿ?
ಉತ್ತರ: ಕೋಳಿ ಅದರ ಬೇಟೆಯ ಅಳತೆಯದು, ಹಕ್ಕಿಯ ಜಾತಿಯದು. ಅದಕ್ಕೆ ಕೋಳಿ ಹಿಡಿಯುವುದು ಹೊಲದ ಹಕ್ಕಿ ಹಿಡಿದಂತೆಯೇ. ಮನುಷ್ಯನ ವಾಸನೆ, ಸಪ್ಪಳಕ್ಕೆ ಅದು ಅಂಜುತ್ತದೆ. ಕೋಳಿ ಹಿಡಿದದ್ದು ಕೂಸನ್ನು ಹಿಡಿಯುವುದರ ಮುನ್ಸೂಚನೆಯಲ್ಲ.

ಪ್ರಶ್ನೆ: ಹಂಗಾದ್ರ ಕೋಳಿ ಉಳಸ್ಕೊಳ್ಳೂದು ಹೆಂಗ್ರಿ?
ಉತ್ತರ: ಕೋಳಿಗಳನ್ನು ಸಂಜೆ ಬೆಳಕಿರುವಾಗಲೇ ಗೂಡಿಗೆ ಹಾಕಬೇಕು. ಗೂಡು ನೆಲದಿಂದ ಮೊಳದೆತ್ತರದಲ್ಲಿರಲಿ. ಒಂದು ಅಂಗುಲಕ್ಕಿಂತ ಸಣ್ಣ ಕಣ್ಣಿನ ತಂತಿಜಾಲರಿಯನ್ನು ಬಡಿಯಬೇಕು. ನೆಲದ ಗೂಡಾದರೆ ಜಾಲರಿಯನ್ನು ಒಂದು ಅಡಿ ಆಳಕ್ಕೆ ಹೂಳಬೇಕು. ಬಾಗಿಲಿಗೆ ಚಿಲಕ ಇರಬೇಕು. ಸತ್ತ ಕೋಳಿಗೆ ವಿಷ ಹಚ್ಚಿ ಇಡುವುದು ಕಾನೂನಿಗೆ ವಿರುದ್ಧ. ಅದನ್ನು ತಿಂದು ಸಾಯುವುದು ಮೊದಲು ನಿಮ್ಮದೇ ನಾಯಿ.

ಪ್ರಶ್ನೆ: ಮನೀ ಬೆಕ್ಕು ಹೊಲದಾಗ ತಿರಗಾಡತೈತಿ. ಏನರ ಮಾಡಬೇಕೇನ್ರಿ?
ಉತ್ತರ: ಅದಕ್ಕೂ ಮನೆಯ ನಾಯಿಗೂ ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸಬೇಕು. ಊರಿನ ನಾಯಿಗಳಿಗೆ ಲಸಿಕೆಯಾದರೆ ಕಾಡುಪ್ರಾಣಿಗಳಿಗೂ ರೋಗ ಹರಡುವುದು ಕಡಿಮೆಯಾಗುತ್ತದೆ. ದನಕ್ಕೆ ಕಾಡುಪ್ರಾಣಿ ಕಚ್ಚಿದರೆ ಗಾಯವನ್ನು ಸಾಬೂನಿನಿಂದ ತೊಳೆದು ಅಂದೇ ಪಶುವೈದ್ಯರನ್ನು ಕಾಣಬೇಕು. ತೊಳೆಯುವಾಗ ಕೈಗವಸು ಇರಲಿ.

ಪ್ರಶ್ನೆ: ಚಿರತೀನ ಐತಿ ಅಂತ ಗೊತ್ತಾದ್ರ?
ಉತ್ತರ: 1926ಕ್ಕೆ ತಿಳಿಸಿ. ಗುಂಪು ಕಟ್ಟಿ ಬೆನ್ನಟ್ಟಬಾರದು. ಚಿರತೆಯಿಂದ ಜನರಿಗೆ ಗಾಯಗಳಾಗುವುದು ಅಂಥ ಗದ್ದಲದಲ್ಲಿಯೇ ಹೆಚ್ಚು. ರಾತ್ರಿ ನೀರು ಹಾಯಿಸಲು ಹೋಗುವವರು ಇಬ್ಬರಾಗಿ, ಬ್ಯಾಟರಿ ಹಿಡಿದು, ಮಾತಾಡುತ್ತ ಹೋಗಬೇಕು. ಬೀದಿನಾಯಿಗಳು ಚಿರತೆಯ ಮುಖ್ಯ ಆಹಾರವೆಂದು ಅಕೋಲೆಯ ಅಧ್ಯಯನದಲ್ಲಿ ತಿಳಿದುಬಂದಿದೆ. ಕಸ ಮತ್ತು ಕೋಳಿಯ ತ್ಯಾಜ್ಯವನ್ನು ಊರ ಪಕ್ಕ ಚೆಲ್ಲುವುದನ್ನು ನಿಲ್ಲಿಸಿದರೆ ನಾಯಿಗಳ ಸಂಖ್ಯೆಯೂ ಇಳಿಯುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ ಎರಡು ಮಾತು

ಕಟಾವು ಆರಂಭವಾಗುವ ಮುನ್ನ ಪ್ರತಿ ಊರಿನಲ್ಲಿಯೂ ಒಂದು ಸಭೆ ಸೇರಿಸಿ ಈ ವಿಷಯಗಳನ್ನು ತಿಳಿಸುವುದು ಒಳ್ಳೆಯದು. ಕಾರ್ಖಾನೆಗಳ ಕಬ್ಬು ವಿಭಾಗದ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಮತ್ತು ಅರಣ್ಯ ರಕ್ಷಕರನ್ನು ಸಭೆಗೆ ಕರೆಯಬೇಕು. ಮುಕಾದಮರಿಗೆ ಮರಾಠಿಯಲ್ಲಿಯೂ ವಿವರಿಸಬೇಕು. ರೇಬೀಸ್ ಲಸಿಕೆ ಮತ್ತು ಇಮ್ಯುನೋಗ್ಲೋಬ್ಯುಲಿನ್ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂಬುದನ್ನು ಮೊದಲೇ ವಿಚಾರಿಸಿ ಪಂಚಾಯತಿಯ ಫಲಕದ ಮೇಲೆ ಬರೆಸಿದರೆ ಆಪತ್ತಿನ ವೇಳೆ ಅಲೆದಾಟ ತಪ್ಪುತ್ತದೆ.

ಸಾರಾಂಶ

* ಚಿಕ್ಕ ಕಾಡುಬೆಕ್ಕುಗಳು ಮನುಷ್ಯನನ್ನು ಬೇಟೆಯಾಡುವುದಿಲ್ಲ. ಹಿಡಿಯಲು ಹೋದರೆ, ಮೂಲೆಗಟ್ಟಿದರೆ ಮಾತ್ರ ಕಚ್ಚುತ್ತವೆ.
* ಕಚ್ಚಿದ, ಪರಚಿದ ಗಾಯವನ್ನು 15 ನಿಮಿಷ ಸಾಬೂನಿನಿಂದ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ, ಲಸಿಕೆಯನ್ನು ಪೂರ್ತಿ ಪಡೆಯಬೇಕು.
* ಮರಿ ಯಾವುದೆಂದು ಖಚಿತವಾಗದಿದ್ದರೆ ಹಿಂದೆ ಸರಿದು 1926ಕ್ಕೆ ತಿಳಿಸಬೇಕು.
* ಕಬ್ಬನ್ನು ಒಂದು ಕಡೆಯಿಂದ ಕಡಿಯಬೇಕು, ರವದಿ ಸುಡಬಾರದು.
* ಇಲಿಪಾಷಾಣವನ್ನು ಬಿಲದೊಳಗೆ ಮಾತ್ರ ಇಟ್ಟು, ಸತ್ತ ಇಲಿಗಳನ್ನು ಹೂಳಬೇಕು.

ಕಾಡುಬೆಕ್ಕನ್ನು ಮುದ್ದಿಸಬೇಕಾಗಿಲ್ಲ, ಕೊಲ್ಲಬೇಕಾಗಿಯೂ ಇಲ್ಲ. ಅದರ ಪಾಡಿಗೆ ಅದನ್ನು ಬಿಟ್ಟರೆ ಇಲಿ ಹಿಡಿಯುವ ತನ್ನ ಕೆಲಸವನ್ನು ಅದು ಮಾಡುತ್ತದೆ. ರೈತ ಬಾಂಧವರು ಈ ಬಾರಿಯ ಕಟಾವಿನಲ್ಲಿ ಮೇಲಿನ ಕ್ರಮಗಳನ್ನು ಅನುಸರಿಸಿ, ತಮ್ಮ ಮತ್ತು ತಮ್ಮ ಆಳುಗಳ ಜೀವವನ್ನೂ ಬೆಳೆಯನ್ನೂ ಕಾಪಾಡಿಕೊಳ್ಳಬೇಕು.